ಟಿಟಿಎಫ್ ಉಳಿಯಿತು, ಮೂಲ ಫೈಲ್ ಹೋಯಿತು: ಒಂದು ಫಾಂಟ್ ಮುಕ್ತ ಮಾಡಿದ ನನ್ನ ಅನುಭವ

ಕೊಪ್ಪಳದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸು, ಗವಿಮಠದ ಜಾತ್ರೆ ಬಂತೆಂದರೆ ರಾತ್ರಿಯಿಡೀ ಬ್ಯಾನರ್. ನಮ್ಮ ಕಾಕಾ ಮೊದಲು ಕೈಯಲ್ಲೇ ಬೋರ್ಡ್ ಬರೆಯುತ್ತಿದ್ದರು. ಅವರ ಬ್ರಷ್ಷಿನ ದಪ್ಪ ಅಕ್ಷರ ನನಗೆ ಪ್ರಾಣ. ಅವರಿಂದ ಹಾಳೆಗಳ ಮೇಲೆ ಬರೆಸಿಕೊಂಡು, ಸ್ಕ್ಯಾನ್ ಮಾಡಿ, ಫಾಂಟ್‌ಫೋರ್ಜ್ ಎಂಬ ಫಾಂಟ್ ಮಾಡುವ ತಂತ್ರಾಂಶದಲ್ಲಿ ಎರಡು ವರ್ಷ ರಾತ್ರಿ ಕೂತು ಯೂನಿಕೋಡ್ ಫಾಂಟ್ ಮಾಡಿದೆ.

ಒಂದು ಬೇಸಿಗೆಯಲ್ಲಿ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಬ್ಯಾಕಪ್ ಇರಲಿಲ್ಲ. ಫಾಂಟ್‌ಫೋರ್ಜ್‌ನಲ್ಲಿ ತಿದ್ದಲು ಇಟ್ಟುಕೊಳ್ಳುವ ಎಸ್‌ಎಫ್‌ಡಿ ಫೈಲುಗಳು, ಸ್ಕ್ಯಾನ್ ಮಾಡಿದ ಚಿತ್ರಗಳು ಎಲ್ಲ ಹೋದವು. ಗಂಗಾವತಿಯ ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ ಟಿಟಿಎಫ್, ಅಂದರೆ ಕಂಪ್ಯೂಟರಿಗೆ ಹಾಕಿ ಬಳಸುವ ಸಿದ್ಧ ಫಾಂಟ್ ಫೈಲ್ ಮಾತ್ರ ಸಿಕ್ಕಿತು.

ಈ ಫಾಂಟನ್ನು ಎಲ್ಲರಿಗೂ ಬಿಟ್ಟುಕೊಡಬೇಕು ಅನ್ನುವ ಆಸೆ ಮೊದಲಿಂದ ಇತ್ತು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು, ಆದರೆ ಹಂಚುವಾಗ ಮೂಲವನ್ನೂ ಕೊಡಬೇಕು ಎನ್ನುವ ಜಿಪಿಎಲ್ ಲೈಸೆನ್ಸ್ ಹಾಕೋಣ ಎಂದುಕೊಂಡೆ. ಓದುತ್ತಾ ಹೋದಾಗ ಒಂದು ಸಾಲಿನಲ್ಲಿ ನಿಂತೆ. 1991ರ ಎರಡನೇ ಆವೃತ್ತಿಯಲ್ಲೂ 2007ರ ಮೂರನೆಯದರಲ್ಲೂ ಅದು ಇದೆ. ತಿದ್ದುಪಡಿ ಮಾಡಲು ಯಾವ ರೂಪ ಎಲ್ಲಕ್ಕಿಂತ ಅನುಕೂಲವೋ ಅದೇ ಮೂಲ ಎಂಬುದು ಅದರ ಅರ್ಥ. ನನ್ನ ಹತ್ತಿರ ಆ ರೂಪವೇ ಇಲ್ಲವಲ್ಲ!

ಫಾಂಟ್ ಫೈಲಿನ ಹಕ್ಕುದಾರ ನಾನೇ, ನನ್ನ ಲೈಸೆನ್ಸ್ ನನ್ನನ್ನು ಕಟ್ಟಿಹಾಕುವುದಿಲ್ಲ. ತೊಂದರೆ ಆಗುವುದು ನನ್ನಿಂದ ಪಡೆದವರಿಗೆ. ಅವರು ಮುಂದೆ ಯಾರಿಗಾದರೂ ಕೊಡುವಾಗ ಮೂಲವನ್ನೂ ಕೊಡಬೇಕು. ನಾನು ಕೊಡದೇ ಇದ್ದದ್ದನ್ನು ಅವರು ಎಲ್ಲಿಂದ ತರಬೇಕು?

ಟಿಟಿಎಫ್ ಅನ್ನೇ ಫಾಂಟ್‌ಫೋರ್ಜ್‌ನಲ್ಲಿ ತೆರೆದು ಎಸ್‌ಎಫ್‌ಡಿ ಮಾಡಿ ಉಳಿಸಿದರೆ ಮುಗೀತಲ್ವಾ ಎಂದು ಗೆಳೆಯ ಕೇಳಿದ. ತೆರೆದು ನೋಡಿದಾಗಲೇ ನನಗೆ ವ್ಯತ್ಯಾಸ ಗೊತ್ತಾಗಿದ್ದು. ಮೊದಲು ತಲಕಟ್ಟನ್ನು ಒಂದೇ ಸಲ ಬರೆದು, ಬೇಕಾದ ಅಕ್ಷರಗಳಿಗೆಲ್ಲ ಅದನ್ನೇ ಜೋಡಿಸಿದ್ದೆ. ಒಂದು ಕಡೆ ದಪ್ಪ ಮಾಡಿದರೆ ಎಲ್ಲ ಕಡೆ ದಪ್ಪ ಆಗುತ್ತಿತ್ತು. ಟಿಟಿಎಫ್ ತೆಗೆಯುವಾಗ ಅದು ಅಕ್ಷರದ ಜೊತೆ ಬೆಸೆದುಕೊಂಡಿದೆ. ಈಗ 'ಕ'ದಲ್ಲಿ ತಿದ್ದಿದರೆ 'ಗ'ದಲ್ಲಿ ಮತ್ತೆ ತಿದ್ದಬೇಕು, 'ತ'ದಲ್ಲಿ ಮತ್ತೆ. ಬಾಗುಗಳ ಲೆಕ್ಕವೂ ಬದಲಾಗಿದೆ. 'ಳ'ದ ಹೊಟ್ಟೆಯಲ್ಲಿ ನಾನು ಇಟ್ಟಿದ್ದು ಕೆಲವೇ ಬಿಂದು, ಈಗ ಸಾಲುಗಟ್ಟಿ ಕೂತಿವೆ. ಒತ್ತಕ್ಷರದ ನಿಯಮಗಳು ಉಳಿದಿದ್ದವು, ಆದರೆ ಅವಕ್ಕೆ ನಾನಿಟ್ಟ ಹೆಸರುಗಳು ಹೋಗಿದ್ದವು. ಎಸ್‌ಎಫ್‌ಡಿ ಅಂತ ಫೈಲಿನ ಹೆಸರು ಬದಲಾದರೆ ಅದು ಮೂಲ ಆಗುವುದಿಲ್ಲ.

ಹಾಗಾದರೆ ಕೈಬಿಡಬೇಕೇ? ನನ್ನ ಮಟ್ಟಿಗೆ ಉತ್ತರ ಹೀಗೆ. ಹಳೆಯ ಮೂಲ ನಿಜವಾಗಿಯೂ ಜಗತ್ತಿನಲ್ಲೇ ಇಲ್ಲ. ಇವತ್ತು ನಾನೇ ಈ ಫಾಂಟ್ ತಿದ್ದಲು ಕೂತರೆ ಟಿಟಿಎಫ್‌ನಿಂದ ತೆಗೆದ ಈ ಎಸ್‌ಎಫ್‌ಡಿಯನ್ನೇ ತೆರೆಯುತ್ತೇನೆ. ಆದ್ದರಿಂದ ಈಗ ಇದೇ ಮೂಲ. ಆದರೆ ಒಳ್ಳೆಯ ಫೈಲನ್ನು ಬೀರುವಿನಲ್ಲಿ ಇಟ್ಟುಕೊಂಡು ಕಳೆದಿದೆ ಅನ್ನುವವರಿಗೆ ಈ ಮಾತು ಸಲ್ಲುವುದಿಲ್ಲ. ಅದು ಮೋಸ.

ಕೊನೆಗೆ ಎಸ್‌ಐಎಲ್ ಸಂಸ್ಥೆಯ ಓಪನ್ ಫಾಂಟ್ ಲೈಸೆನ್ಸ್ 1.1 ಆರಿಸಿದೆ. ಅದು ಮೂಲ ಫೈಲ್ ಕೊಡಲೇಬೇಕು ಎಂದು ಕೇಳುವುದಿಲ್ಲ. ಫಾಂಟ್ ಬಳಸಿ ಮಾಡಿದ ಲಗ್ನಪತ್ರಿಕೆಯ ಪಿಡಿಎಫ್‌ಗೂ ಲೈಸೆನ್ಸಿಗೂ ಸಂಬಂಧ ಇಲ್ಲ ಎಂದು ಅದರಲ್ಲೇ ಇದೆ. ಜಿಪಿಎಲ್ ಆದರೆ ಇದಕ್ಕಾಗಿ, ಫಾಂಟ್ ಸೇರಿದ ಮಾತ್ರಕ್ಕೆ ಪಿಡಿಎಫ್‌ಗೆ ಜಿಪಿಎಲ್ ತಗಲದು ಎನ್ನುವ ಫಾಂಟ್ ವಿನಾಯಿತಿಯ ಸಾಲು ಬೇರೆ ಸೇರಿಸಬೇಕು. ಓಪನ್ ಫಾಂಟ್ ಲೈಸೆನ್ಸ್ ಕೇಳದಿದ್ದರೂ ಎಸ್‌ಎಫ್‌ಡಿಯನ್ನು ಜೊತೆಗೇ ಇಟ್ಟಿದ್ದೇನೆ. ತಿದ್ದುವವರಿಗೆ ಬರೀ ಟಿಟಿಎಫ್ ಕೊಟ್ಟು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ರೀಡ್‌ಮಿ ಫೈಲಿನಲ್ಲಿ ನಡೆದದ್ದನ್ನೆಲ್ಲ ಬರೆದೆ: ಮೊದಲ ಮೂಲ ಕಳೆದಿದೆ, ಇದು ಟಿಟಿಎಫ್‌ನಿಂದ ತೆಗೆದದ್ದು, ಇಂತಿಂಥ ಅಕ್ಷರ ಹೊಸದಾಗಿ ಸರಿಮಾಡಿದೆ, ಇಂಥವು ಬಾಕಿ.

ಕಾಗದದ ಕೆಲಸ ಒಂದು ಉಳಿದಿತ್ತು. ಅಕ್ಷರ ಬರೆದವರು ಕಾಕಾ. ಅವರ ಒಪ್ಪಿಗೆ ಬಾಯಿಮಾತಿನಲ್ಲಿದ್ದರೆ ಸಾಲದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಐದು ವರ್ಷ, ಜಾಗ ಹೇಳದಿದ್ದರೆ ಭಾರತ ಮಾತ್ರ ಎಂದಾಗುತ್ತದೆ. ಹಾಗಾಗಿ ಕಾಪಿರೈಟ್ ಇರುವಷ್ಟು ಕಾಲ, ಎಲ್ಲ ದೇಶಗಳಿಗೆ ಎಂದು ಎರಡನ್ನೂ ಸ್ಪಷ್ಟವಾಗಿ ಬರೆದುಕೊಂಡು ಹೋದೆ. ಕಾಕಾ ಓದಿ ನೋಡಿ, "ಅಕ್ಷರ ಎಲ್ಲಾರ್ದು ಅಲ್ಲೇನೋ, ಇದಕ್ಯಾಕ ಸಹಿ?" ಅಂದರು. ಹೇಳಿದ ಮೇಲೆ ಹಾಕಿಕೊಟ್ಟರು. ಆ ಸಹಿಯೂ ಬೋರ್ಡಿನ ಅಕ್ಷರದ ಹಾಗೇ ದಪ್ಪಗಿದೆ.

ಈಗ ದಿನಾ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ಗಂಟೆ ತಲಕಟ್ಟುಗಳನ್ನು ಬೇರೆ ಮಾಡಿ, ಮತ್ತೆ ಒಂದೇ ಮೂಲಕ್ಕೆ ಜೋಡಿಸುತ್ತಿದ್ದೇನೆ. ಪ್ರತಿ ವಾರ ಫೈಲ್ ಮೂರು ಕಡೆ ಉಳಿಸುತ್ತೇನೆ. ಈ ವಾರ 'ಢ', 'ಧ' ಮುಗಿದವು. 'ಷ' ಬಾಕಿ ಇದೆ.