ಇಂಗ್ಲೆಂಡಿನಲ್ಲಿ ಸ್ಪ್ಲೀನ್ ಚಿಕಿತ್ಸೆ: ಆಪರೇಷನ್ ಮುಗಿದ ಮೇಲೂ ಮರೆಯಬಾರದ್ದು

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ, ಹಿಮೋಗ್ಲೋಬಿನ್ ಕಡಿಮೆ, ಸ್ಕ್ಯಾನ್‌ನಲ್ಲಿ ನೋಡಿದರೆ ಸ್ಪ್ಲೀನ್ (ಗುಲ್ಮ) ದೊಡ್ಡದಾಗಿದೆ. ಇದನ್ನೇ ಡಾಕ್ಟರ್ ಹೈಪರ್‌ಸ್ಪ್ಲೆನಿಸಂ ಅನ್ನುತ್ತಾರೆ. ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬಿನ ಕೆಳಗಿರುವ ಈ ಗುಲ್ಮದ ಕೆಲಸ ಹಳೆಯ ರಕ್ತಕಣಗಳನ್ನು ಸೋಸಿ ತೆಗೆಯುವುದು. ಅದು ಮಿತಿ ಮೀರಿದರೆ ಒಳ್ಳೆಯ ಕಣಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಇಲ್ಲಿ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ನೇರವಾಗಿ ಸ್ಪೆಷಲಿಸ್ಟ್ ಹತ್ತಿರ ಹೋಗಲು ಆಗುವುದಿಲ್ಲ. ಮೊದಲು ಜಿಪಿ (ನಿಮ್ಮ ಫ್ಯಾಮಿಲಿ ಡಾಕ್ಟರ್), ಅವರ ರೆಫರಲ್ ಮೇಲೆ ಹಿಮಟಾಲಜಿ (ರಕ್ತದ ಕಾಯಿಲೆ) ಅಥವಾ ಲಿವರ್ ವಿಭಾಗ. ರೆಫರಲ್ ಆದ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬುದು ಗುರಿ, ಆದರೆ ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಕಾಯಬೇಕಾಗುತ್ತದೆ. ಆ ಮಧ್ಯೆ ವಸಡಿನಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ಸುಮ್ನೆ ಕಾಯಬೇಡಿ, ಜಿಪಿಗೆ ಅಥವಾ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಇಂಗ್ಲಿಷ್ ಕಷ್ಟವಾದ ಅಪ್ಪ ಅಮ್ಮನಿಗೆ ದುಭಾಷಿ ಬೇಕೆಂದು ಮೊದಲೇ ಹೇಳಿಡಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಸ್ಪ್ಲೀನ್ ದೊಡ್ಡದಾಗಿದೆ ಅಂದ ತಕ್ಷಣ ತೆಗೆದುಹಾಕುವುದಿಲ್ಲ. ಲಿವರ್ ಸಿರೋಸಿಸ್, ಥಲಸೀಮಿಯಾ, ಲಿಂಫೋಮಾ ಹೀಗೆ ಮೂಲ ಕಾರಣ ಯಾವುದೋ ಅದಕ್ಕೆ ಮೊದಲು ಚಿಕಿತ್ಸೆ. ಕೆಲವರಿಗೆ ರಕ್ತನಾಳದ ಮೂಲಕ ಸ್ಪ್ಲೀನ್‌ನ ಒಂದು ಭಾಗಕ್ಕೆ ಮಾತ್ರ ರಕ್ತ ಹೋಗದಂತೆ ತಡೆಯುತ್ತಾರೆ, ಉಳಿದ ಭಾಗ ಕೆಲಸ ಮಾಡುತ್ತಿರುತ್ತದೆ. ಇದು ನಿಮಗೆ ಆಗುತ್ತದಾ ಎಂದು ಖಂಡಿತ ಕೇಳಿ. ಯಾಕೆಂದರೆ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ಹಿಡಿದು ತೆಗೆಯುವುದೂ ಇದೇ ಅಂಗ. ಪೂರ್ತಿ ತೆಗೆದರೆ ರಕ್ತದ ಲೆಕ್ಕ ಸುಧಾರಿಸಬಹುದು, ಆದರೆ ಗಂಭೀರ ಸೋಂಕಿನ ಅಪಾಯ ಜೀವನಪೂರ್ತಿ ಉಳಿಯುತ್ತದೆ, ಮೊದಲ 2 ವರ್ಷ ಅದು ಇನ್ನೂ ಜಾಸ್ತಿ.

ಹಾಗಾಗಿ ಲಸಿಕೆ. ಇಲ್ಲೇ ಜನ ಎಡವುವುದು. ಆಪರೇಷನ್‌ಗೆ 4ರಿಂದ 6 ವಾರ ಮೊದಲು, ಕಡೇಪಕ್ಷ 2 ವಾರ ಮೊದಲಾದರೂ ನ್ಯುಮೋಕಾಕಸ್, ಮೆನ್‌ಎಸಿಡಬ್ಲ್ಯುವೈ, ಮೆನ್‌ಬಿ (ಇವೆರಡೂ ಮೆನಿಂಜೈಟಿಸ್ ತಡೆಯಲು) ಲಸಿಕೆ ಹಾಕಿಸಿಕೊಳ್ಳಬೇಕು, ಆಮೇಲೆ ಪ್ರತಿ ವರ್ಷ ಫ್ಲೂ ಲಸಿಕೆ. ಜಿಪಿ ಹಾಕುತ್ತಾರೆ ಎಂದು ಆಸ್ಪತ್ರೆ, ಆಸ್ಪತ್ರೆ ಹಾಕಿರುತ್ತದೆ ಎಂದು ಜಿಪಿ ಅಂದುಕೊಂಡು ಕೂತರೆ ನಿಮ್ಮ ಗತಿ ಏನು? ನೀವೇ ಫೋನ್ ಮಾಡಿ ಜಿಪಿ ಕ್ಲಿನಿಕ್‌ನ ಪ್ರಾಕ್ಟೀಸ್ ನರ್ಸ್ ಹತ್ತಿರ ತಾರೀಖು ತಗೊಳ್ಳಿ. ನಿಮಗೆ ಸ್ಪ್ಲೀನ್ ಇಲ್ಲ ಎಂಬುದು ಜಿಪಿ ದಾಖಲೆಯಲ್ಲಿ ಬಂದಿದೆಯಾ ಎಂದು ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ನೋಡಿ, ಮುಂದಿನ ಡೋಸ್ ಯಾವಾಗ ಎಂದೂ ಬರೆದಿಟ್ಟುಕೊಳ್ಳಿ.

ಸ್ಪ್ಲೀನ್ ತೆಗೆದ ತುಂಬ ಜನರಿಗೆ ಸೋಂಕು ತಡೆಯಲು ದಿನಾ ಪೆನಿಸಿಲಿನ್ ಮಾತ್ರೆ ಬರೆಯುತ್ತಾರೆ. ಆರಾಮಾಗಿದ್ದೀನಲ್ವಾ ಎಂದು ನೀವಾಗಿಯೇ ನಿಲ್ಲಿಸಬೇಡಿ. 2025ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಔಷಧಿಗೆ 9.90 ಪೌಂಡ್ ಇತ್ತು, ತಿಂಗಳಿಗೆ ಒಂದು ಬೇಕಾದರೂ ವರ್ಷದ ಔಷಧಿಗೆಲ್ಲ ಮೊದಲೇ ದುಡ್ಡು ಕಟ್ಟುವ 114.50 ಪೌಂಡಿನ ಪ್ರಿಪೇಮೆಂಟ್ ಸರ್ಟಿಫಿಕೇಟ್ ಸ್ವಲ್ಪ ಅಗ್ಗವಾಗಿತ್ತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಪುಕ್ಕಟೆ.

ಸ್ಪ್ಲೀನ್ ಇಲ್ಲದವರಿಗೆ ಜ್ವರ, ನಡುಕ ಬಂದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ನೋಡೋಣ ಅನ್ನಬೇಡಿ. ಕೆಲವೇ ಗಂಟೆಗಳಲ್ಲಿ ಸೆಪ್ಸಿಸ್, ಅಂದರೆ ಸೋಂಕಿನಿಂದ ಜೀವಕ್ಕೇ ಅಪಾಯವಾಗುವ ಸ್ಥಿತಿ, ಆಗಬಹುದು. ಎಮರ್ಜೆನ್ಸಿಗೆಂದು ಕೊಟ್ಟ ಆ್ಯಂಟಿಬಯಾಟಿಕ್ ಮನೆಯಲ್ಲಿದ್ದರೆ ಕೂಡಲೇ ತಗೊಂಡು ಎ ಆ್ಯಂಡ್ ಇಗೆ (ಆಸ್ಪತ್ರೆಯ ತುರ್ತು ವಿಭಾಗ) ಹೋಗಿ, ತೀರಾ ಸುಸ್ತಾದರೆ ಆ್ಯಂಬುಲೆನ್ಸ್‌ಗೆ 999. ಬಾಗಿಲಲ್ಲೇ ‘ನನಗೆ ಸ್ಪ್ಲೀನ್ ಇಲ್ಲ’ ಎಂದು ಹೇಳಿ, ಅದನ್ನು ಬರೆದಿರುವ ಕಾರ್ಡ್ ಇದ್ದರೆ ತೋರಿಸಿ. ನಾಯಿ ಕಚ್ಚಿದರೂ ಅಷ್ಟೇ, ಗಾಯ ಸಣ್ಣದಾದರೂ ಅದೇ ದಿನ ತೋರಿಸಿ.

ರಜೆಗೆ ಭಾರತಕ್ಕೆ ಹೊರಡುವವರು ಮಲೇರಿಯಾ ಬಗ್ಗೆ ಟ್ರಾವೆಲ್ ಕ್ಲಿನಿಕ್‌ನಲ್ಲಿ ಕೇಳಿ, ಸ್ಪ್ಲೀನ್ ಇಲ್ಲದವರಿಗೆ ಅದು ತೀವ್ರವಾಗಿ ಬರುತ್ತದೆ. ಆ ಮಾತ್ರೆಗಳು ಸಾಮಾನ್ಯವಾಗಿ ಎನ್‌ಎಚ್‌ಎಸ್‌ನಲ್ಲಿ ಸಿಗುವುದಿಲ್ಲ, ಕೈಯಿಂದಲೇ ಕೊಡಬೇಕು. ಟಿಕೆಟ್ ಬುಕ್ ಮಾಡಿದ ವಾರವೇ ಈ ಅಪಾಯಿಂಟ್‌ಮೆಂಟನ್ನೂ ಮಾಡಿಕೊಳ್ಳಿ.