ಡೇಟಾಬೇಸಿನಿಂದ ಸ್ಪ್ರೆಡ್‌ಶೀಟಿಗೆ: ದಾಖಲೆ ಕೆಡದ ಹಾಗೆ ತರುವುದು ಹೇಗೆ

ಡೇಟಾಬೇಸಿನಲ್ಲಿರುವ ದಾಖಲೆಗಳನ್ನು ಎಕ್ಸೆಲ್‌ಗೋ ಲಿಬ್ರೆಆಫೀಸ್ ಕ್ಯಾಲ್ಕ್‌ಗೋ ತರುವುದು ದೊಡ್ಡ ಕೆಲಸ ಏನಲ್ಲ. ಎರಡು ನಿಮಿಷ ಸಾಕು. ಆದರೆ ತಂದ ಮೇಲೆ ಅದರಲ್ಲಿ ಏನೂ ಕೆಟ್ಟಿಲ್ಲ ಅಂತ ಧೈರ್ಯವಾಗಿ ಹೇಳಬೇಕಾದರೆ ಸ್ವಲ್ಪ ಜಾಗ್ರತೆ ಬೇಕು. ನಾನು ಕಂಡ ಹಾಗೆ ಜಾಸ್ತಿ ಅನಾಹುತ ಆಗುವುದು ಎಕ್ಸ್‌ಪೋರ್ಟ್ ಮಾಡುವಾಗ (ಡೇಟಾಬೇಸಿನಿಂದ ಫೈಲಾಗಿ ಹೊರಗೆ ತೆಗೆಯುವಾಗ) ಅಲ್ಲ, ಬಂದ ಫೈಲನ್ನು ತೆರೆಯುವಾಗ.

ಒಂದು ಸಲ ಸದಸ್ಯರ ದೊಡ್ಡ ಪಟ್ಟಿಯೊಂದನ್ನು ಸಿಎಸ್‌ವಿ (ಕಾಲಂಗಳ ಮಧ್ಯೆ ಅಲ್ಪವಿರಾಮ ಇರುವ ಸರಳ ಟೆಕ್ಸ್ಟ್) ಫೈಲ್ ಮಾಡಿ, ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು, ಕಾಲಂ ಸ್ವಲ್ಪ ಅಗಲ ಮಾಡಿ, ಸೇವ್ ಒತ್ತಿ ಕಳಿಸಿಬಿಟ್ಟೆ. ಎರಡು ದಿನ ಬಿಟ್ಟು ಫೋನ್ ಬಂತು. 00417 ಇದ್ದ ಸದಸ್ಯ ಸಂಖ್ಯೆ 417 ಆಗಿತ್ತು. ಮನೆ ನಂಬರ್ 12/3 ಇದ್ದದ್ದು ತಾರೀಖಾಗಿ ಕೂತಿತ್ತು. 16 ಅಂಕಿಯ ನಂಬರುಗಳಲ್ಲಿ ಕೊನೆಯ ಅಂಕಿ ಹೋಗಿ ಎಲ್ಲಕ್ಕೂ ಸೊನ್ನೆ ಬಂದಿತ್ತು. ಡೇಟಾಬೇಸಿನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು, ಸಿಎಸ್‌ವಿಯಲ್ಲೂ ಸರಿಯಾಗಿಯೇ ಬಂದಿತ್ತು, ಕೆಡಿಸಿದ್ದು ಆ ಡಬಲ್ ಕ್ಲಿಕ್ ಮತ್ತು ಅದರ ಹಿಂದೆಯೇ ಒತ್ತಿದ ಸೇವ್. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತದೆ. 16ನೆಯದು ಹೋದರೆ ಹೋಯಿತು, ಆ ಕಾಲಂ ಅನ್ನು ಆಮೇಲೆ ಟೆಕ್ಸ್ಟ್ ಮಾಡಿದರೂ ವಾಪಸ್ ಬರುವುದಿಲ್ಲ.

ಮೊದಲು ಕ್ವೆರಿ, ಆಮೇಲೆ ಎಕ್ಸ್‌ಪೋರ್ಟ್

ಇಡೀ ಟೇಬಲ್ ಎತ್ತಿ ಕೊಡಬೇಡಿ. ಯಾವ ಕಾಲಂ ಬೇಕು, ಯಾವ ಅವಧಿಯ ದಾಖಲೆ ಬೇಕು ಅಂತ ಡೇಟಾಬೇಸಿಗೆ ಕೇಳುವ ಒಂದು ಪ್ರಶ್ನೆ, ಅಂದರೆ ಕ್ವೆರಿ, ಬರೆದಿಟ್ಟುಕೊಳ್ಳಿ. ಟೇಬಲ್‌ನಲ್ಲಿ ವಿಭಾಗದ ಹೆಸರಿನ ಜಾಗದಲ್ಲಿ 7, 12 ಅಂತ ಬರೀ ಐಡಿ ಇರುತ್ತದೆ, ಅಲ್ವಾ? ಶೀಟ್ ನೋಡುವವರಿಗೆ ಅದು ಅರ್ಥ ಆಗುವುದಿಲ್ಲ. ಈ ಟೇಬಲನ್ನೂ ವಿಭಾಗದ ಹೆಸರಿರುವ ಟೇಬಲನ್ನೂ ಕ್ವೆರಿಯಲ್ಲೇ ಜಾಯಿನ್ ಮಾಡಿ (ಐಡಿಯ ಮೂಲಕ ಜೋಡಿಸಿ) ಹೆಸರು ತನ್ನಿ. ಬೇಡದ ಫೋನ್ ನಂಬರ್, ವಿಳಾಸ, ಪಾಸ್‌ವರ್ಡ್ ಕಾಲಂ ಇಲ್ಲೇ ಬಿಟ್ಟುಹೋಗಲಿ. ಶೀಟಿಗೆ ಹೋದ ಮೇಲೆ ಅದು ಯಾರ್ಯಾರ ಇಮೇಲ್‌ಗೆ ಹೋಗುತ್ತದೋ ನಮಗೆ ಗೊತ್ತಾಗುವುದಿಲ್ಲ.

ಕ್ವೆರಿ ಓಡಿಸಿದಾಗ ಎಷ್ಟು ದಾಖಲೆ ಬಂತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಣದ ಕಾಲಂ ಇದ್ದರೆ ಅದರ ಮೊತ್ತವನ್ನೂ ಬರೆದುಕೊಳ್ಳಿ. ಈ ಎರಡು ಸಂಖ್ಯೆ ಕೊನೆಯಲ್ಲಿ ಬೇಕು.

ಆಕ್ಸೆಸ್‌ನಲ್ಲಿ ಹೀಗೆ ಮಾಡಿ

ಆಕ್ಸೆಸ್ ಅಂದರೆ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ. ಅದರ ಎಡಗಡೆ ಪಟ್ಟಿಯಲ್ಲಿ ನಿಮ್ಮ ಕ್ವೆರಿ ಆರಿಸಿ. ಮೇಲೆ ಎಕ್ಸ್‌ಟರ್ನಲ್ ಡೇಟಾ ಟ್ಯಾಬ್, ಅದರಲ್ಲಿ ಎಕ್ಸ್‌ಪೋರ್ಟ್ ಗುಂಪು, ಅಲ್ಲಿ ಎಕ್ಸೆಲ್. ಫೈಲ್ ಎಲ್ಲಿಗೆ ಹೋಗಬೇಕು ಅಂತ ಹೇಳಿ, ಎಕ್ಸೆಲ್‌ನ ಈಗಿನ ಫೈಲ್ ಬಗೆಯಾದ ಎಕ್ಸ್‌ಎಲ್‌ಎಸ್‌ಎಕ್ಸ್ ಅನ್ನೇ ಆರಿಸಿ. ನೇರವಾಗಿ ಎಕ್ಸೆಲ್ ಫೈಲಾಗಿ ತಂದರೆ ಒಂದು ದೊಡ್ಡ ಲಾಭ ಇದೆ: ಡೇಟಾಬೇಸಿನಲ್ಲಿ ಟೆಕ್ಸ್ಟ್ ಆಗಿದ್ದದ್ದು ಶೀಟಿನಲ್ಲೂ ಟೆಕ್ಸ್ಟ್ ಆಗಿಯೇ ಬರುತ್ತದೆ, ಹಾಗಾಗಿ 00417 ತನ್ನ ಸೊನ್ನೆ ಕಳೆದುಕೊಳ್ಳುವುದಿಲ್ಲ. ಈ ದಾರಿ ಇದ್ದರೆ ಸುಮ್ನೆ ಸಿಎಸ್‌ವಿ ತಂಟೆಗೆ ಹೋಗಬೇಡಿ. ಅಲ್ಲೇ ಫಾರ್ಮ್ಯಾಟಿಂಗ್ ಮತ್ತು ಲೇಔಟ್ ಸಮೇತ ಎಕ್ಸ್‌ಪೋರ್ಟ್ ಮಾಡು ಅನ್ನುವ ಒಂದು ಟಿಕ್ ಗುರುತು ಇದೆ. ಲುಕ್‌ಅಪ್ ಕಾಲಂ (ಒಳಗೆ ಐಡಿ ಇಟ್ಟುಕೊಂಡು ಬೇರೆ ಟೇಬಲ್‌ನ ಹೆಸರು ತೋರಿಸುವ ಕಾಲಂ) ಇದ್ದರೆ ಅದು ಮುಖ್ಯ. ಟಿಕ್ ಇದ್ದರೆ ಪರದೆಯ ಮೇಲೆ ಕಾಣುವ ಹೆಸರು ಬರುತ್ತದೆ, ಇಲ್ಲದಿದ್ದರೆ ಒಳಗಿನ ಐಡಿ ಬರುತ್ತದೆ. ಕ್ವೆರಿಯಲ್ಲೇ ಹೆಸರು ತಂದಿದ್ದರೆ ಈ ಟಿಕ್ ಬೇಕಾಗಿಲ್ಲ.

ಎದುರಿನವರು ಸಿಎಸ್‌ವಿಯೇ ಬೇಕು ಅಂದರೆ ಅದೇ ಗುಂಪಿನಲ್ಲಿ ಟೆಕ್ಸ್ಟ್ ಫೈಲ್ ಒತ್ತಿ, ಡಿಲಿಮಿಟೆಡ್ ಆರಿಸಿ, ಮೊದಲ ಸಾಲಿನಲ್ಲಿ ಕಾಲಂ ಹೆಸರು ಬರಲಿ ಅಂತ ಟಿಕ್ ಹಾಕಿ. ಮುಗಿಸುವ ಮೊದಲು ಅಡ್ವಾನ್ಸ್‌ಡ್ ಬಟನ್ ಒತ್ತಲೇಬೇಕು. ಕೋಡ್ ಪೇಜ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಪದ್ಧತಿ) ಅನ್ನು ಕನ್ನಡವೂ ಸರಿಯಾಗಿ ಉಳಿಯುವ ಯುನಿಕೋಡ್ ಯುಟಿಎಫ್-8 ಮಾಡಿ. ತಾರೀಖಿನ ಕ್ರಮವನ್ನು ವರ್ಷ, ತಿಂಗಳು, ದಿನ ಅಂತ ಬದಲಿಸಿ. 03/04 ಅಂದರೆ ಒಬ್ಬರಿಗೆ ಏಪ್ರಿಲ್ 3, ಇನ್ನೊಬ್ಬರಿಗೆ ಮಾರ್ಚ್ 4. 2024-04-03 ಅಂತ ಬರೆದರೆ ಆ ಗೊಂದಲ ಇಲ್ಲ.

ಬೇರೆ ಡೇಟಾಬೇಸ್ ಆದರೆ

ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಬ್ರೌಸರ್‌ನಲ್ಲಿ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಎಕ್ಸ್‌ಪೋರ್ಟ್ ಟ್ಯಾಬ್‌ಗೆ ಹೋಗಿ ಕ್ವಿಕ್ ಬಿಟ್ಟು ಕಸ್ಟಮ್ ಆರಿಸಿ. ಕಾಲಂ ಹೆಸರು ಮೊದಲ ಸಾಲಿನಲ್ಲಿ ಬರಬೇಕೇ, ನಲ್ (ಯಾವ ಮಾಹಿತಿಯೂ ತುಂಬದ ಜಾಗ) ಇರುವ ಕಡೆ ಏನು ಬರೆಯಬೇಕು ಅನ್ನುವ ಆಯ್ಕೆಗಳು ಅಲ್ಲಿವೆ. ನಲ್ ಜಾಗವನ್ನು ಖಾಲಿ ಬಿಡಿ, ಇಲ್ಲದಿದ್ದರೆ ಶೀಟಿನ ತುಂಬಾ ನಲ್ ಅನ್ನುವ ಪದವೇ ತುಂಬಿಕೊಂಡು ಲೆಕ್ಕ ಎಲ್ಲಾ ಹಾಳು. ಪೋಸ್ಟ್‌ಗ್ರೆಸ್‌ನಲ್ಲಿ ಕಾಪಿ ಆಜ್ಞೆಗೆ ಎರಡು ರೂಪ. ಸುಮ್ಮನೆ ಕಾಪಿ ಅಂದು ಫೈಲ್ ಹೆಸರು ಕೊಟ್ಟರೆ ಅದು ಸರ್ವರ್ ಇರುವ ಯಂತ್ರದಲ್ಲಿ ಬರೆಯುತ್ತದೆ. ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ ಪ್ರೋಗ್ರಾಂ) ಒಳಗಿನಿಂದ ಕಾಪಿ ಪದಕ್ಕೆ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿ ಕೊಟ್ಟರೆ ನಿಮ್ಮ ಯಂತ್ರದಲ್ಲಿ ಬರೆಯುತ್ತದೆ. ಫೈಲ್ ಎಲ್ಲಿ ಹೋಯಿತು ಅಂತ ಹುಡುಕಾಡುವವರಲ್ಲಿ ಎಷ್ಟೋ ಜನ ಇಲ್ಲಿ ಎಡವಿರುತ್ತಾರೆ. ಎಸ್‌ಕ್ಯೂಲೈಟ್ ಆದರೆ ಡಿಬಿ ಬ್ರೌಸರ್‌ನಲ್ಲಿ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಒಳಗೆ ಸಿಎಸ್‌ವಿ ಇದೆ, ಕಷ್ಟ ಏನಿಲ್ಲ.

ಈಗ ತೆರೆಯುವುದು

ಸಿಎಸ್‌ವಿ ಅಂದರೆ ಬರೀ ಅಕ್ಷರಗಳ ಸಾಲು. ಇದು ಸಂಖ್ಯೆ, ಇದು ತಾರೀಖು ಅನ್ನುವ ಮಾಹಿತಿ ಅದರಲ್ಲಿ ಇಲ್ಲವೇ ಇಲ್ಲ, ಹಾಗಾಗಿ ತೆರೆಯುವ ಪ್ರೋಗ್ರಾಂ ತಾನೇ ಊಹೆ ಮಾಡುತ್ತದೆ. ಈ ಊಹೆ ಎಷ್ಟು ಕಾಟ ಕೊಟ್ಟಿದೆ ಅಂದರೆ, ಸೆಪ್ಟ್1, ಮಾರ್ಚ್1 ಅಂತಿದ್ದ ಮನುಷ್ಯರ ಜೀನ್‌ಗಳ ಹೆಸರು ಎಕ್ಸೆಲ್‌ನಲ್ಲಿ ತಾರೀಖಾಗುತ್ತಿದ್ದವು, ಕೊನೆಗೆ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಿಸಿ 2020ರಲ್ಲಿ ಹೊಸ ನಿಯಮ ಪ್ರಕಟಿಸಿತು.

ಎಕ್ಸೆಲ್‌ನಲ್ಲಿ ಮೊದಲು ಖಾಲಿ ಶೀಟ್ ತೆರೆಯಿರಿ. ಡೇಟಾ ಟ್ಯಾಬ್‌ನಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ ಫೈಲ್ ಆರಿಸಿ. ಒಂದು ಕಿಟಕಿ ಬರುತ್ತದೆ. ಫೈಲ್ ಒರಿಜಿನ್ ಅನ್ನುವಲ್ಲಿ 65001 ಯುನಿಕೋಡ್ ಯುಟಿಎಫ್-8 ಇಡಿ. ಕನ್ನಡದ ಒಂದೊಂದು ಮೂಲ ಅಕ್ಷರಕ್ಕೂ ಒಂದೊಂದು ಗುಣಿತದ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಇಲ್ಲಿ ಬೇರೇನೋ ಇದ್ದರೆ ‘ಕಮಲ’ ಅನ್ನುವ ಹೆಸರು 9 ವಿಚಿತ್ರ ಗುರುತುಗಳಾಗಿ ಕಾಣುತ್ತದೆ. ಹಾಗೆ ಕಂಡರೆ ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ, ಓದುವ ರೀತಿ ತಪ್ಪಿದೆ ಅಷ್ಟೆ. ಡೇಟಾ ಟೈಪ್ ಡಿಟೆಕ್ಷನ್ ಅನ್ನುವಲ್ಲಿ ಪತ್ತೆ ಮಾಡಬೇಡ ಅನ್ನುವ ಆಯ್ಕೆ ಇಡಿ. ಆಗ ಎಲ್ಲವೂ ಟೆಕ್ಸ್ಟ್ ಆಗಿ ಬರುತ್ತದೆ.

ಕಾಲಂ ಹೆಸರುಗಳು ತಲೆಯಲ್ಲಿ ಬರದೆ ಮೊದಲ ಸಾಲಿನಲ್ಲೇ ಉಳಿದರೆ ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ, ಅಲ್ಲಿ ಯೂಸ್ ಫಸ್ಟ್ ರೋ ಆ್ಯಸ್ ಹೆಡರ್ಸ್ ಕೊಡಿ. ಆಗ ಬಲಗಡೆಯ ಹಂತಗಳ ಪಟ್ಟಿ ನೋಡಿ. ಚೇಂಜ್‌ಡ್ ಟೈಪ್ ಅಂತ ಒಂದು ಹಂತ ತಾನಾಗೇ ಸೇರಿಕೊಂಡಿದ್ದರೆ ಅದರ ಪಕ್ಕದ ಗುಣಿಸು ಗುರುತು ಒತ್ತಿ ತೆಗೆದುಬಿಡಿ, ಇಲ್ಲದಿದ್ದರೆ ಬಾಗಿಲಲ್ಲಿ ತಡೆದ ಊಹೆ ಕಿಟಕಿಯಿಂದ ಒಳಗೆ ಬಂದ ಹಾಗೆ. ಆಮೇಲೆ ನಿಜವಾಗಿ ಲೆಕ್ಕ ಹಾಕಬೇಕಾದ ಹಣ, ಪ್ರಮಾಣ, ತಾರೀಖಿನ ಕಾಲಂಗಳನ್ನು ಮಾತ್ರ ನೀವೇ ಸಂಖ್ಯೆ ಅಥವಾ ತಾರೀಖು ಮಾಡಿ. ಕೂಡಿ ಕಳೆಯಲು ಆಗದ ಸಂಖ್ಯೆ, ಅಂದರೆ ಫೋನ್, ಪಿನ್ ಕೋಡ್, ಖಾತೆ ನಂಬರ್, ಎಲ್ಲ ಟೆಕ್ಸ್ಟ್ ಆಗಿಯೇ ಇರಲಿ.

ಕ್ಯಾಲ್ಕ್‌ನಲ್ಲಿ ಇದು ಇನ್ನೂ ಸಲೀಸು. ಸಿಎಸ್‌ವಿ ತೆರೆಯಲು ಹೋದರೆ ಅದೇ ಕೇಳುತ್ತದೆ: ಅಕ್ಷರ ಸಮೂಹ ಯಾವುದು, ಮಧ್ಯೆ ಅಲ್ಪವಿರಾಮವೋ ಅರ್ಧವಿರಾಮವೋ ಅಂತ. ಕೆಳಗೆ ಕಾಣುವ ಮಾದರಿಯಲ್ಲಿ ಕಾಲಂನ ತಲೆ ಒತ್ತಿ ಟೆಕ್ಸ್ಟ್ ಅಂತ ಆರಿಸಿದರೆ ಆಯಿತು.

ಎಣಿಸಿ ನೋಡಿ

ಚೀಟಿ ತೆಗೆಯಿರಿ. ಶೀಟಿನಲ್ಲಿ ಎಷ್ಟು ಸಾಲು ಇದೆ? ತಲೆಯ ಸಾಲು ಬಿಟ್ಟು ಅದು ಡೇಟಾಬೇಸಿನ ಎಣಿಕೆಗೆ ಸರಿಹೊಂದಬೇಕು. ಜಾಸ್ತಿ ಬಂದರೆ ವಿಳಾಸದ ಒಳಗೆ ಯಾರೋ ಎಂಟರ್ ಒತ್ತಿದ್ದಾರೆ, ಒಂದು ದಾಖಲೆ ಎರಡು ಸಾಲಾಗಿ ಒಡೆದಿದೆ ಅಂತ ಅನುಮಾನಿಸಿ. ಕಡಿಮೆ ಬಂದರೆ ಮಿತಿ ಮೀರಿರಬಹುದು. ಎಕ್ಸ್‌ಎಲ್‌ಎಸ್‌ಎಕ್ಸ್ ಶೀಟಿಗೆ 10,48,576 ಸಾಲು, ಹಳೆಯ ಎಕ್ಸ್‌ಎಲ್‌ಎಸ್‌ಗೆ 65,536 ಮಾತ್ರ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋಗಿದ್ದು ಈ ಹಳೆಯ ಬಗೆಯ ಮಿತಿಯಿಂದಲೇ. ಆ ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಹುಡುಕುವುದೂ ತಡವಾಯಿತು. ಒಂದು ಎಣಿಕೆ ಹೋಲಿಸಿ ನೋಡುವುದು ಎಷ್ಟು ದೊಡ್ಡ ವಿಷಯ ಅಂತ ಆಗ ನನಗೆ ಮನದಟ್ಟಾಯಿತು.

ಎಣಿಕೆ, ಮೊತ್ತ ಎರಡೂ ಹೊಂದಿದರೆ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಸೇವ್ ಮಾಡಿ. ಮೂಲ ಸಿಎಸ್‌ವಿಯನ್ನು ಮುಟ್ಟದೆ ಹಾಗೇ ಇಟ್ಟಿರಿ.

ಇದೇ ಪಟ್ಟಿ ಪ್ರತಿ ವಾರ ಬೇಕಾದರೆ ಆಕ್ಸೆಸ್‌ನಲ್ಲಿ ಎಕ್ಸ್‌ಪೋರ್ಟ್ ಮುಗಿದಾಗ ಸೇವ್ ಎಕ್ಸ್‌ಪೋರ್ಟ್ ಸ್ಟೆಪ್ಸ್ ಟಿಕ್ ಹಾಕಿ ಹೆಸರು ಕೊಟ್ಟಿಡಿ. ಅಥವಾ ಎಕ್ಸೆಲ್‌ನ ಗೆಟ್ ಡೇಟಾದಿಂದ ಡೇಟಾಬೇಸಿಗೇ ಕೊಂಡಿ ಹಾಕಿ, ಆಮೇಲೆ ರಿಫ್ರೆಶ್ ಆಲ್ ಒತ್ತಿದರೆ ಸಾಕು. ಆದರೆ ಹಾಗೆ ಬಂದ ಸಾಲುಗಳ ಪಕ್ಕದಲ್ಲಿ ಕೈಯಿಂದ ಟಿಪ್ಪಣಿ ಬರೆಯಬೇಡಿ. ರಿಫ್ರೆಶ್ ಆದಾಗ ಸಾಲು ಹಿಂದೆ ಮುಂದೆ ಸರಿದು ‘ಹಣ ಬಂದಿದೆ’ ಅನ್ನುವ ಟಿಪ್ಪಣಿ ಇನ್ಯಾರದೋ ಹೆಸರಿನ ಮುಂದೆ ಹೋಗಿ ಕೂರಬಹುದು. ಟಿಪ್ಪಣಿಗೆ ಬೇರೆ ಶೀಟ್ ಇಟ್ಟು, ಸದಸ್ಯ ಸಂಖ್ಯೆ ಬರೆದು, ಅದರ ಮುಂದೆ ಬರೆಯಿರಿ.