ಒಂದು ಗಂಟೆಗೆ ಊಟ, 15 ದಿನಕ್ಕೆ ದುಡ್ಡು

ನಾನು ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಿಕಲ್ ಕೆಲಸದ ಗುತ್ತಿಗೆ ಮಾಡುತ್ತೇನೆ. ವಯಸ್ಸು 59. ತಿಂಗಳ ಸಂಬಳ ಅಂತ ಯಾವತ್ತೂ ತಗೊಂಡವನಲ್ಲ. ಆಲ್ದೂರು, ಮಲ್ಲಂದೂರು, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳು, ಗಿರಿ ಕಡೆಯ ಕೆಲವು ಹೋಂಸ್ಟೇಗಳು, ಟೌನಿನ ಒಂದಷ್ಟು ಮನೆಗಳು. ಇವರೆಲ್ಲ ನನ್ನ ಗಿರಾಕಿಗಳು. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ ಆಯಿತು. ಬಿಪಿ ಆಮೇಲೆ ಸೇರಿಕೊಂಡಿತು.

ನನ್ನ ಥರ ಸ್ವಂತ ಕೆಲಸ ಮಾಡುವ, ಐವತ್ತು ದಾಟಿದ ತುಂಬಾ ಜನ ಇದ್ದೀರಿ. ಪ್ಲಂಬರ್, ಬಡಗಿ, ಮೋಟಾರ್ ರಿವೈಂಡಿಂಗ್ ಮಾಡುವವರು, ಮನೆ ಪ್ಲ್ಯಾನ್ ಬರೆಯುವವರು. ನಾನು ಕಷ್ಟಪಟ್ಟು ಕಲಿತದ್ದು ನಿಮಗೆ ಬೇಗ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದಿನ ಡಿಸೆಂಬರ್. ಅರೇಬಿಕಾ ಕುಯ್ಲು ಜೋರಾಗಿ ನಡೆಯುವ ತಿಂಗಳು. ಬೆಳಿಗ್ಗೆ ಏಳಕ್ಕೆ ಒಂದು ತೋಟದ ಲೆಕ್ಕ ನೋಡುವ ರೈಟರ್ ಫೋನ್ ಮಾಡಿದರು. "ಅಣ್ಣಾ, ಪಲ್ಪರ್ ಮೋಟಾರ್ ನಿಂತುಬಿಟ್ಟಿದೆ. ನಿನ್ನೆ ಸಂಜೆ ತಂದ ಹಣ್ಣು ಹಾಗೇ ಬಿದ್ದಿದೆ, ಬೇಗ ಬನ್ನಿ." ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಕುಯ್ದ ಹಣ್ಣನ್ನು ಅವತ್ತೇ ಪಲ್ಪರ್‌ಗೆ ಹಾಕಬೇಕು. ರಾಶಿ ಬಿದ್ದಲ್ಲೇ ಬಿಸಿಯಾಗಿ ಹುಳಿ ಹಿಡಿದರೆ ಕಾಫಿಯ ಗುಣ ಹೋಯಿತು. ಅವರ ಗಾಬರಿ ನನಗೆ ಅರ್ಥವಾಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ನಿಂತುಕೊಂಡೇ ಒಂದು ಅಕ್ಕಿ ರೊಟ್ಟಿ ತಿಂದು, ಬೈಕ್ ಹತ್ತಿದೆ.

ಮೂರು ಫೇಸಿನಲ್ಲಿ ಒಂದು ಬರುತ್ತಿರಲಿಲ್ಲ. ಮೋಟಾರ್ ಎರಡೇ ಫೇಸಿನಲ್ಲಿ ಗುಂಯ್ ಅಂತ ಬಿಸಿಯಾಗಿದೆ. ಪುಣ್ಯಕ್ಕೆ ಯಾರೋ ಬೇಗ ಆಫ್ ಮಾಡಿದ್ದರು. ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಹಾಕಿ ನೋಡಿದೆ, ಮೋಟಾರಿನೊಳಗಿನ ವೈಂಡಿಂಗ್ ಸುಡದೆ ಉಳಿದಿತ್ತು. ಸ್ಟಾರ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಸರಿಮಾಡಿದೆ. ಆದರೂ ಫೇಸ್ ಬರಲಿಲ್ಲ. ಹುಡುಕುತ್ತಾ ಹುಡುಕುತ್ತಾ ಗೋಡೆಯ ಮೇಲಿನ ಜಾಯಿಂಟ್ ಬಾಕ್ಸ್‌ವರೆಗೆ ಬಂದೆ. ಆಗಲೇ ಒಂದೂವರೆ ಗಂಟೆ. "ಇದೊಂದು ಮುಗಿಸಿ ಊಟ ಮಾಡೋಣ" ಅಂದುಕೊಂಡು ಮೇನ್ ಆಫ್ ಮಾಡಿ ಏಣಿ ಹತ್ತಿದೆ.

ಸ್ಕ್ರೂ ಡ್ರೈವರ್ ತುದಿ ಸ್ಕ್ರೂವಿನ ಗೀರಿಗೆ ಕೂರುತ್ತಿಲ್ಲ. ಇಟ್ಟರೆ ಜಾರುತ್ತದೆ, ಮತ್ತೆ ಇಟ್ಟರೆ ಮತ್ತೆ ಜಾರುತ್ತದೆ. ಕನ್ನಡಕ ಒರೆಸಿಕೊಂಡೆ. ಆಗ ನೋಡಿದರೆ ಕೈಯೇ ನಡುಗುತ್ತಿದೆ. ಡಿಸೆಂಬರ್ ಚಳಿಯಲ್ಲಿ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ವಯಸ್ಸಾಯಿತು, ಅಷ್ಟೇ ಅಂದುಕೊಂಡೆ. ಕೆಳಗೆ ಹಣ್ಣು ಬಾಚುತ್ತಿದ್ದ, ತೋಟದ ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬರು ತಲೆ ಎತ್ತಿ ನೋಡಿದರು. "ಯಾಕಣ್ಣಾ, ಮುಖ ಹಂಗ್ಯಾಕೆ ಬಿಳುಚಿಕೊಂಡಿದೆ? ಮೊದಲು ಕೆಳಗಿಳೀರಿ" ಅಂದರು. ಗದರಿಸಿದ ಹಾಗೆಯೇ ಅಂದರು. ಇಳಿದೆ. ಕೊನೆಯ ಎರಡು ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. ಅವರು ತಮ್ಮ ಫ್ಲಾಸ್ಕಿನಿಂದ ಬೆಲ್ಲದ ಕಾಫಿ ಬಗ್ಗಿಸಿ ಕೊಟ್ಟರು. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು, ಕೈ ನಿಂತಿತು. ಆ ತಾಯಿ ಅವತ್ತು ತಲೆ ಎತ್ತಿ ನೋಡದೇ ಇದ್ದಿದ್ದರೆ ನಾನು ಸಿಮೆಂಟ್ ನೆಲಕ್ಕೆ ಬೀಳುತ್ತಿದ್ದೆ.

ಮಾರನೇ ದಿನ ಡಾಕ್ಟರ ಹತ್ತಿರ ಹೋದೆ. ಸಕ್ಕರೆ ಜಾಸ್ತಿಯಾಗುವುದು ಮಾತ್ರ ಕಾಯಿಲೆ ಅಂತ ನಾನು ತಿಳಿದಿದ್ದೆ. ಅವರು ಬಿಡಿಸಿ ಹೇಳಿದರು. ನಾನು ತಗೊಳ್ಳುವ ಎರಡು ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ಅನ್ನುವುದು ನಾವು ಊಟ ಮಾಡಲಿ ಬಿಡಲಿ, ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಊಟ ತಪ್ಪಿಸಿ ಮೈ ಮುರಿದು ಕೆಲಸ ಮಾಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬಿದ್ದುಬಿಡುತ್ತದೆ. ನಡುಕ, ಬೆವರು, ಕಣ್ಣು ಮಂಜಾಗುವುದು ಎಲ್ಲ ಅದರದ್ದೇ. ಹಾಗಾದಾಗ ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಬೇಕು. 15 ನಿಮಿಷ ಕಾಯಬೇಕು. ಕಡಿಮೆಯಾಗದಿದ್ದರೆ ಇನ್ನೊಂದು ಸಲ. ಆಮೇಲೆ ಊಟ. ಚಾಕೊಲೇಟ್ ಬೇಡ ಅಂದರು, ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ನನ್ನ ಮಾತ್ರೆಯ ಪ್ರಮಾಣವನ್ನೂ ಬದಲಿಸಿದರು. ಇದನ್ನು ಓದಿ ನೀವಾಗೇ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಡಾಕ್ಟರಿಗೆ "ನನ್ನದು ಏಣಿ ಹತ್ತುವ ಕೆಲಸ, ಊಟದ ಹೊತ್ತು ಆಚೀಚೆ ಆಗುತ್ತದೆ" ಅಂತ ಬಾಯಿಬಿಟ್ಟು ಹೇಳಿ. ಎಂಟು ವರ್ಷ ನಾನು ಅದನ್ನು ಹೇಳಿಯೇ ಇರಲಿಲ್ಲ. ಅವರು ಕೇಳಿರಲಿಲ್ಲ, ನನಗೂ ತೋಚಿರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಬದಲಾವಣೆ. ಕೆಲಸ ಒಪ್ಪಿಕೊಳ್ಳುವಾಗಲೇ ಊಟದ ಹೊತ್ತು ಹೇಳುವುದು. ಕೇಳಿದರೆ ಸಣ್ಣ ವಿಷಯ. ನನಗೆ ಅದು ಬಾಯಿಗೇ ಬರುತ್ತಿರಲಿಲ್ಲ. ನಮ್ಮ ಕಡೆ ಕೆಲಸದವನು ಬಾಯಿಬಿಟ್ಟು ಊಟದ ಮಾತಾಡಿದರೆ ಕೇಳಿ ತಿಂದ ಹಾಗೆ ಆಗುತ್ತದೆ ಅನ್ನುವ ಸಂಕೋಚ. ಮೊದಲ ಸಲ ಒಬ್ಬ ಹಿರಿಯ ಗೌಡರಿಗೆ ಹೇಳಿದೆ: "ಗೌಡ್ರೇ, ಒಂದು ಗಂಟೆಗೆ ನಾನು ಕೈ ತೊಳೆದುಬಿಡ್ತೀನಿ. ಕೆಲಸ ಅರ್ಧದಲ್ಲಿದ್ರೂ ಅಷ್ಟೇ. ನನಗೆ ಶುಗರ್ ಇದೆ." ಅವರು, "ಅದಕ್ಕೇನಂತೆ ಮಾರಾಯ್ರೇ, ಮೊದಲೇ ಹೇಳೋದಲ್ವಾ?" ಅಂದರು. ಅಷ್ಟೇ. ಇಷ್ಟು ವರ್ಷ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಗೋಡೆ ಅದು.

ಈಗ ಡಬ್ಬಿ ಮನೆಯಿಂದಲೇ ಬರುತ್ತದೆ. ಒಂದಕ್ಕೆ ಹತ್ತು ನಿಮಿಷ ಇರುವಾಗ ಹೊಸ ತಂತಿಗೆ ಕೈ ಹಾಕುವುದಿಲ್ಲ. ಮೇನ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ನನ್ನ ಜೇಬಿನಲ್ಲಿ. "ಕೆಲಸ ನಡೆಯುತ್ತಿದೆ, ಆನ್ ಮಾಡಬೇಡಿ" ಅನ್ನುವ ರಟ್ಟಿನ ಬೋರ್ಡ್ ನೇತು ಹಾಕುತ್ತೇನೆ. ನಾವು ಉಣ್ಣುವಾಗಲೇ ಯಾರಾದರೂ "ಕರೆಂಟ್ ಬಂತಾ ನೋಡೋಣ" ಅಂತ ಸ್ವಿಚ್ ಎತ್ತುವುದು. ಅಂಗಿ ಜೇಬಿನಲ್ಲಿ ಯಾವಾಗಲೂ ಬೆಲ್ಲದ ಅಚ್ಚು, ಬ್ಯಾಗಿನಲ್ಲಿ ಗ್ಲುಕೋಮೀಟರ್. ಏಣಿಯ ಕೆಲಸ ಬೆಳಿಗ್ಗೆ ತಿಂಡಿಯಾದ ಮೇಲೆ, ನೆಲದ ಕೆಲಸ ಮಧ್ಯಾಹ್ನಕ್ಕೆ. ಎತ್ತರಕ್ಕೆ ಈಗ ಜಾಸ್ತಿ ನನ್ನ ಜೊತೆ ಕೆಲಸಕ್ಕೆ ಬರುವ ಹುಡುಗನೇ ಹತ್ತುತ್ತಾನೆ. ಅವನಿಗೆ 24, ವೈರ್‌ಮನ್ ಪರ್ಮಿಟ್ ಇದೆ. ಅವನ ಕೂಲಿಯನ್ನು ಗಿರಾಕಿಯ ಬಿಲ್ಲಿನಲ್ಲಿ ಬೇರೆ ಸಾಲಾಗಿಯೇ ಬರೆಯುತ್ತೇನೆ. ಮೊದಲು ಸಹಾಯಕನ ಕೂಲಿಯನ್ನು ನನ್ನ ಕೈಯಿಂದಲೇ ಕೊಡಬೇಕು ಅಂದುಕೊಂಡಿದ್ದೆ, ಆದ್ದರಿಂದಲೇ ಯಾರನ್ನೂ ಇಟ್ಟುಕೊಳ್ಳದೆ ಒಬ್ಬನೇ ಹೋಗುತ್ತಿದ್ದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅವನ ಹೆಸರು ಬರೆಸಿದ್ದೇನೆ. ಹೊಸ ಕಟ್ಟಡದ ವೈರಿಂಗ್ ಮಾಡುವವರೂ ಅದಕ್ಕೆ ಬರುತ್ತಾರೆ. 18ರಿಂದ 60 ವರ್ಷದೊಳಗಿರಬೇಕು, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು.

ಇನ್ನು ದುಡ್ಡಿನ ವಿಷಯ. ಆರೋಗ್ಯದ ಮಾತಿನ ಮಧ್ಯೆ ಇದ್ಯಾಕೆ ಅನ್ನಬೇಡಿ. ನನ್ನ ಮಟ್ಟಿಗೆ ಎರಡೂ ಒಂದೇ.

ಅದಕ್ಕೂ ಹಿಂದಿನ ವರ್ಷ ಒಂದು ಹೋಂಸ್ಟೇಯ ಹದಿನಾಲ್ಕು ರೂಮಿಗೆ ಅರ್ತಿಂಗ್ ಸರಿಮಾಡಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಕೂರಿಸಿಕೊಟ್ಟಿದ್ದೆ. ಗೀಸರ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು, ಅದಕ್ಕೇ ಕರೆಸಿದ್ದು. ಸಾಮಾನು ನನ್ನ ದುಡ್ಡಿನದೇ, ಅಂಗಡಿಯಲ್ಲಿ ಸಾಲ ಹೇಳಿ ತಂದಿದ್ದೆ. ಕೆಲಸ ಚೆನ್ನಾಗಾಯಿತು ಅಂದರು. ಬಿಲ್ ಕೊಟ್ಟೆ. "ಮುಂದಿನ ವಾರ", "ಸೀಸನ್ ಮುಗೀಲಿ", "ಬೆಂಗಳೂರಿಂದ ಸಾಹುಕಾರ್ರು ಬರ್ಲಿ". ಹೀಗೇ ಐದು ತಿಂಗಳು. ಅಷ್ಟರಲ್ಲಿ ಮಳೆಗಾಲ ಬಂತು. ಜೂನ್‌ನಿಂದ ಆಗಸ್ಟ್‌ವರೆಗೆ ನಮಗೆ ರಾತ್ರಿ ಫೋನ್ ಜಾಸ್ತಿ, ಆದಾಯ ಕಡಿಮೆ. ಆ ದಿನಗಳಲ್ಲಿ ನಾನು ಮಾಡಿದ ಕೆಲಸವನ್ನು ಮನೆಯವಳಿಗೂ ಹೇಳಿರಲಿಲ್ಲ. ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಳ್ಳುತ್ತಿದ್ದೆ. ರಕ್ತ ಪರೀಕ್ಷೆ ಮುಂದಕ್ಕೆ ಹಾಕಿದೆ. ಕೊನೆಗೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.4 ಇತ್ತು. ರಿಪೋರ್ಟ್ ನೋಡಿ ಅವಳು, "ರೀ, ಅವರು ಕೊಡದೇ ಇದ್ದಿದ್ದಕ್ಕೆ ನೀವ್ಯಾಕೆ ಉಪವಾಸ ಬೀಳ್ತೀರಿ?" ಅಂದಳು. ಆ ಮಾತು ನನ್ನನ್ನು ಕೂರಿಸಿ ಯೋಚನೆಗೆ ಹಚ್ಚಿತು.

ಮಗಳು ಮೊಬೈಲಿನಲ್ಲಿ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಮಾಡಿಕೊಟ್ಟಳು. ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಒಂದು ಪೈಸೆ ಖರ್ಚಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ, ಬಿಟ್ಟುಬಿಡಿ. ನೋಂದಣಿ ಆದ ಸಣ್ಣ ಕಸುಬುದಾರರಿಗೆ 2006ರ ಎಂಎಸ್‌ಎಂಇ ಕಾನೂನಿನಲ್ಲಿ ಒಂದು ಆಸರೆ ಇದೆ. ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ ಗಿರಾಕಿ 15 ದಿನದೊಳಗೆ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ದಾಟುವ ಹಾಗಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇದಕ್ಕಾಗಿಯೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನೋಂದಣಿ ಮಾತ್ರ ಕೆಲಸಕ್ಕೆ ಮೊದಲೇ ಆಗಿರಬೇಕು. ನನ್ನದು ಆಗಿರಲಿಲ್ಲ. ಹಾಗಾಗಿ ಆ ಹೋಂಸ್ಟೇ ದುಡ್ಡು ಚೂರು ಚೂರಾಗಿ ಬಂತು, ಕೊನೆಯ ಆರು ಸಾವಿರ ಬರಲೇ ಇಲ್ಲ.

ನಿಜ ಹೇಳಬೇಕೆಂದರೆ ನಾನು ಇದುವರೆಗೆ ದೂರು ಕೊಟ್ಟಿಲ್ಲ. ಸಣ್ಣ ಊರು, ನಾಳೆ ಅದೇ ಮುಖ ನೋಡಬೇಕು. ಕೆಲಸಕ್ಕೆ ಬಂದದ್ದು ಇನ್ನೊಂದು. 2023-24ರ ಲೆಕ್ಕದಿಂದ, ನಮ್ಮಂಥವರಿಗೆ ಆ ಗಡುವಿನೊಳಗೆ ಕೊಡದೆ ಬಾಕಿ ಇಟ್ಟ ದುಡ್ಡನ್ನು ವ್ಯಾಪಾರಸ್ಥರು ಆ ವರ್ಷದ ಖರ್ಚಿನಲ್ಲಿ ತೋರಿಸಿ ತೆರಿಗೆ ಉಳಿಸುವ ಹಾಗಿಲ್ಲ. ಆದ್ದರಿಂದ ಬಿಲ್ಲಿನ ತಲೆಯ ಮೇಲೆ ಉದ್ಯಮ್ ನಂಬರ್ ಕಂಡರೆ ರೆಸಾರ್ಟ್, ಹೋಂಸ್ಟೇಗಳ ಅಕೌಂಟೆಂಟ್‌ಗಳೇ ನೆನಪು ಮಾಡಿ ಕೊಡಿಸುತ್ತಾರೆ. ತೋಟದವರಿಗೆ ಇದು ಅಷ್ಟು ತಾಗುವುದಿಲ್ಲ. ಬೆಳೆದು ಮಾರುವ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಲ್ಲ. ಅವರ ಹತ್ತಿರ ಮಾತೇ ನಡೆಯಬೇಕು. ಅವರಿಗೂ ದುಡ್ಡು ಕಾಫಿ ಮಾರಿದ ಮೇಲೆ ಬರುವುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಸಾಮಾನಿನ ದುಡ್ಡು ಮೊದಲೇ, ಕೂಲಿ ಎರಡು ಕಂತಿನಲ್ಲಿ, ಕಂತಿನ ತಾರೀಖು ಹಾಕಿ.

ಕೊಟೇಶನ್ ಕೊಡುವ ಹಾಳೆಯ ಕೆಳಗೆ ಈಗ ನಾಲ್ಕು ಸಾಲು ಇರುತ್ತವೆ. ಕೈಬರಹದಲ್ಲೇ ಬರೆಯುತ್ತೇನೆ, ತೋಟದವರದ್ದಾದರೆ ಕೂಲಿಯ ಸಾಲಿನಲ್ಲಿ ಕಂತಿನ ತಾರೀಖು.

"ಸಾಮಾನಿನ ಹಣ ಮುಂಗಡ. ಕೂಲಿ ಕೆಲಸ ಮುಗಿದ 15 ದಿನದೊಳಗೆ. ಮಧ್ಯಾಹ್ನ 1ರಿಂದ 2 ಊಟದ ಬಿಡುವು. ಸಂಜೆ ಕತ್ತಲಾದ ಮೇಲೆ ಏಣಿ ಕೆಲಸ ಇಲ್ಲ."

ಕೆಳಗೆ ಇಬ್ಬರ ಸಹಿ. ಇದನ್ನು ನೋಡಿ ಇಬ್ಬರು ಗಿರಾಕಿಗಳು ಬೇರೆಯವರನ್ನು ಕರೆದರು. ಬೇಜಾರಾಯಿತು. ಆದರೆ ಉಳಿದವರಲ್ಲಿ ದುಡ್ಡಿಗೆ ಅಲೆಸಿದವರು ಕಡಿಮೆ. ಪ್ರತಿ ಬಿಲ್ಲಿನಲ್ಲಿ ಹತ್ತರಲ್ಲಿ ಒಂದು ಪಾಲು ಬೇರೆ ಖಾತೆಗೆ ಹಾಕುತ್ತೇನೆ. ಅದು ಮಳೆಗಾಲದ ಮೂರು ತಿಂಗಳ ಮಾತ್ರೆ, ಪರೀಕ್ಷೆ, ರೇಷನ್‌ಗೆ. ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ.

ಕಾಲಿನ ವಿಷಯ ಹೇಳಲೇಬೇಕು. ಹೋದ ವರ್ಷ ಒಂದು ಸಂಜೆ ಬೂಟು ಬಿಚ್ಚಿದರೆ ಸಾಕ್ಸ್ ರಕ್ತದಲ್ಲಿ ತೊಯ್ದಿತ್ತು. ಇಂಬಳ ಕಚ್ಚಿರಬೇಕು ಅಂದುಕೊಂಡೆ. ಅಲ್ಲ. ಬೂಟಿನೊಳಗೆ ಕೇಬಲ್ ಕ್ಲಿಪ್ಪಿನ ಮೊಳೆ. ಬೆಳಿಗ್ಗೆಯಿಂದ ಅದರ ಮೇಲೇ ನಡೆದಿದ್ದೇನೆ, ಗೊತ್ತೇ ಆಗಿಲ್ಲ. ಬಹಳ ವರ್ಷದ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಹೀಗೆ ಮಂಕು ಮಾಡುತ್ತದೆ. ಗಾಯ ಒಣಗಲು ಐದು ವಾರ ಬೇಕಾಯಿತು. ಈಗ ಬೆಳಿಗ್ಗೆ ಬೂಟನ್ನು ಬೋರಲು ಹಾಕಿ ಕೊಡವಿ, ಒಳಗೆ ಕೈಯಾಡಿಸಿಯೇ ಹಾಕಿಕೊಳ್ಳುವುದು. ರಾತ್ರಿ ಕಾಲು ತೊಳೆದು, ಬೆರಳ ಸಂದು ಒರೆಸಿ, ಕನ್ನಡಿ ಹಿಡಿದು ಅಂಗಾಲು ನೋಡುವುದು. ಬರಿಗಾಲಲ್ಲಿ ಕಾಫಿ ಕಣದಲ್ಲಿ ಓಡಾಡುವುದು ಬಿಟ್ಟೆ. ಬಿಸಿಲಿಗೆ ಕಾದ ಕಣ ಅಂಗಾಲು ಸುಟ್ಟರೂ ಗೊತ್ತಾಗುವುದಿಲ್ಲ.

ಆರೋಗ್ಯ ವಿಮೆಯನ್ನು ತಡವಾಗಿ ಮಾಡಿಸಿದೆ, 57ಕ್ಕೆ. ಏಜೆಂಟ್ ಒಬ್ಬರು "ಶುಗರ್ ಬರೆಯೋದು ಬೇಡ ಬಿಡಿ" ಅಂದರು. ನಾನು ಬರೆಸಿದೆ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಇಲ್ಲ ಅಂದುಬಿಡುತ್ತಾರೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಈಗ ಜಾಸ್ತಿ ಅಂದರೆ ಮೂರು ವರ್ಷ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಯ ಕಂತಿನ ಮೇಲಿದ್ದ 18 ಪರ್ಸೆಂಟ್ ಜಿಎಸ್‌ಟಿ ಕೂಡ ಹೋಗಿದೆ. ಐವತ್ತರ ಒಳಗಿರುವವರು ದಯವಿಟ್ಟು ನನ್ನ ಹಾಗೆ ಕಾಯಬೇಡಿ.

ರಾತ್ರಿಯ ಫೋನ್ ಮಾತ್ರ ಇನ್ನೂ ನನ್ನ ಕೈಮೀರಿದ್ದು. ಮಳೆಗೆ ಮರ ಬಿದ್ದು ಲೈನ್ ಹರಿದರೆ ಅದು ಮೆಸ್ಕಾಂನವರ ಕೆಲಸ, ಮೀಟರಿನಿಂದ ಈಚೆಗೆ ಮಾತ್ರ ನನ್ನದು. ಅದನ್ನು ಎಷ್ಟು ಸಲ ಹೇಳಿದರೂ ಜನ ಮೊದಲು ನನಗೇ ಮಾಡುತ್ತಾರೆ. ಹೋದ ಜುಲೈನಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆಯಿಂದ ಒಂಬತ್ತೂವರೆಗೆ ಫೋನ್ ಬಂತು. ಮೇನ್ ಬೋರ್ಡಿನಲ್ಲಿ ಸುಟ್ಟ ವಾಸನೆ ಅಂತೆ. ಮೇನ್ ಆಫ್ ಮಾಡಿಸಿ, ಬೆಳಿಗ್ಗೆ ಬರ್ತೀನಿ ಅಂದೆ. ಹತ್ತು ನಿಮಿಷ ಮಲಗಿದ್ದೆ, ನಿದ್ದೆ ಬರಲಿಲ್ಲ. ಎದ್ದು ಹುಡುಗನಿಗೆ ಫೋನ್ ಮಾಡಿದೆ. ಅವನು ಬೈಕ್ ತಂದ, ನಾನು ಹಿಂದೆ ಕೂತೆ. ಊಟ ಆಗಿತ್ತು, ಜೇಬಿನಲ್ಲಿ ಬೆಲ್ಲ ಇತ್ತು. ನ್ಯೂಟ್ರಲ್ ತಂತಿ ಸಡಿಲವಾಗಿ ಕರಗಿಹೋಗಿತ್ತು, ಅವನೇ ಸರಿ ಮಾಡಿದ. ನಾನು ಟಾರ್ಚ್ ಹಿಡಿದು ನಿಂತಿದ್ದೆ.

ಬರುವ ವಾರದಿಂದ ಪಲ್ಪರ್ ಸರ್ವಿಸ್ ಶುರು. ಕುಯ್ಲಿಗೆ ಮೊದಲೇ ಸ್ಟಾರ್ಟರ್, ಅರ್ತಿಂಗ್, ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಎಲ್ಲ ನೋಡಿಬಿಟ್ಟರೆ ಡಿಸೆಂಬರಿನಲ್ಲಿ ಬೆಳಿಗ್ಗೆ ಏಳರ ಗಾಬರಿ ಫೋನ್ ಕಡಿಮೆಯಾಗುತ್ತದೆ. ಒಂಬತ್ತು ತೋಟದವರು ಹೇಳಿದ್ದಾರೆ, ಏಳು ಜನ ಮುಂಗಡವೂ ಕೊಟ್ಟಿದ್ದಾರೆ. ಮೊದಲನೆಯದು ಆ ಏಣಿಯ ತೋಟ. ಆ ಹೆಂಗಸು ಇನ್ನೂ ಅಲ್ಲೇ ಲೈನ್ ಮನೆಯಲ್ಲಿದ್ದಾರೆ. ಅವರ ಮನೆಯ ಹಳೇ ಸ್ವಿಚ್ ಬೋರ್ಡ್ ಬದಲಿಸಿಕೊಡಬೇಕು, ಅದಕ್ಕೂ ಸಾಮಾನು ತೆಗೆದಿಟ್ಟಿದ್ದೇನೆ.